ಆರೂವರೆಯ ತನಕ ನೀರು

ಏಪ್ರಿಲ್ 3, 2025, ಗುರುವಾರ

ಈ ಡೈರಿಯನ್ನು ಸಹಕಾರಿ ಸಂಘದವರು ಜನವರಿಯಲ್ಲಿ ಕೊಟ್ಟಿದ್ದರು. ಮೂರು ತಿಂಗಳು ಹೊಲಿಗೆ ಮಷೀನು ಅಲುಗಾಡದಂತೆ ಅದರ ಕಾಲಿನ ಕೆಳಗೆ ಇಟ್ಟಿದ್ದೆ. ಇವತ್ತು ಎಳೆದು ತೆಗೆದೆ. ಮಷೀನು ಅಲುಗಾಡಿದರೆ ಅಲುಗಾಡಲಿ, ಮಾತನ್ನು ಎಲ್ಲಾದರೂ ಇಳಿಸದಿದ್ದರೆ ನನ್ನ ತಲೆ ಒಡೆಯುತ್ತದೆ. ಈ ಮನೆಯಲ್ಲಿ ನೆಟ್ಟಗೆ ಓದಲು ಬರುವವರು ನಾನು ಮತ್ತು ಮಗಳು ಮುಬಾಶಿರಾ. ಅವಳು ಗಂಗಾವತಿಯ ಹಾಸ್ಟೆಲಿನಲ್ಲಿದ್ದಾಳೆ. ಗಂಡ ಮಂಜೂರನಿಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ. ಮುದುಕಿಗೆ ಅದೂ ಇಲ್ಲ.

ಮುದುಕಿ ಎಂದರೆ ನನ್ನ ಅತ್ತೆ ಖೈರುನಬಿ. ಬಾಯಲ್ಲಿ 'ಅತ್ತಿ' ಅನ್ನುತ್ತೇನೆ, ಇಲ್ಲಿ ಅನ್ನುವುದಿಲ್ಲ. ಇದು ನನ್ನ ಪುಸ್ತಕ.

ರಮಜಾನ್ ಹಬ್ಬದ ದಿನ ಬೇಡ ಬೇಡ ಎಂದರೂ ಎರಡು ತಟ್ಟೆ ಪಲಾವು ಉಂಡಳು. ಮರುದಿನ ಬಲಪಕ್ಕೆ ಹಿಡಿದುಕೊಂಡು ಹೊರಳಾಡಿದಳು. ನಿನ್ನೆ ಕೊಪ್ಪಳಕ್ಕೆ ಕರೆದೊಯ್ದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಇಪ್ಪತ್ತು ವರ್ಷ ನಮ್ಮೆಲ್ಲರ ಪಿತ್ತ ನೆತ್ತಿಗೇರಿಸಿದವಳ ಪಿತ್ತಕೋಶದಲ್ಲೇ ಕಲ್ಲು ಕಟ್ಟಿವೆ. ಆಪರೇಷನ್ ಮಾಡಲೇಬೇಕು, ತಡವಾದರೆ ಒಳಗೇ ಕೀವಾಗಿ ಜೀವಕ್ಕೆ ಬರುತ್ತದೆ ಎಂದರು. ಆಪರೇಷನ್ನಿಗೆ ಮೈಮರೆಸುವ ಸೂಜಿ ಕೊಡುವ ಡಾಕ್ಟರು ಅಲ್ಲಿಗೆ ಮಂಗಳವಾರ ಮಾತ್ರ ಬರುತ್ತಾರಂತೆ. ಬರುವ ಮಂಗಳವಾರ ದಿನ ಕೊಟ್ಟಿದ್ದಾರೆ.

ಮನೆಗೆ ಬಂದು ಮಲಗಿದವಳು ಸೊಂಟದಿಂದ ಕೀಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅಡುಗೆಮನೆಯದೂ ಒಳಗಿನ ಕಪಾಟಿನದೂ. ನಾನು ಈ ಮನೆಗೆ ಬಂದಾಗಿನಿಂದ ಆ ಕೀಲಿ ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ. ಕಪಾಟು ತೆಗೆದು ನೋಡಿದೆ. ಸಕ್ಕರೆ, ಒಂದು ತುಪ್ಪದ ಡಬ್ಬಿ, ಗೋಡಂಬಿಯ ಪೊಟ್ಟಣ. ಇಷ್ಟಕ್ಕೆ ಇಷ್ಟು ವರ್ಷ ನನ್ನನ್ನು ಕಳ್ಳಿಯ ಹಾಗೆ ನೋಡಿದ್ದಳು.

ಏಪ್ರಿಲ್ 7, ಸೋಮವಾರ

ಆಸ್ಪತ್ರೆಯಿಂದ ಮಂಜೂರನಿಗೆ ಫೋನು ಬಂತು. ಕಂಪೌಂಡರು ಎರಡೇ ಮಾತು ಹೇಳಿ ಇಟ್ಟನಂತೆ. "ನಾಳೆ ಮುಂಜಾನಿ ಒಂಬತ್ತಕ್ಕ ಬರ್ರಿ. ಉಪವಾಸ ಕರ್ಕೊಂಡು ಬರ್ರಿ."

ನಾನು ರಮಜಾನಿನಲ್ಲಿ ತಪ್ಪಿದ ರೋಜಾ ಉಪವಾಸಗಳನ್ನು ಈಗ ಹಿಡಿಯುತ್ತಿದ್ದೇನೆ. ಬೆಳಗಿನ ಬಾಂಗಿಗೆ ಮೊದಲು ಸಹರಿ ಉಣ್ಣಲು ನಾಳೆ ಹೇಗೂ ನಾಲ್ಕಕ್ಕೆ ಏಳಬೇಕು. ಮುದುಕಿ ಹಾಸಿಗೆಯಿಂದಲೇ ಹುಕುಂ ಮಾಡಿದಳು. "ನನ್ನೂ ಎಬ್ಬಿಸು. ಬಾಂಗ್ ಆಗೋದ್ರಾಗ ಸಹರಿ ಉಂಡು ಮುಗಸ್ತೀನಿ. ಎರಡು ಚಪಾತಿ, ಒಂದು ಲೋಟ ಹಾಲು ಸಾಕು."

"ಆಪರೇಷನ್ ಐತಲ್ಲ ಅತ್ತಿ, ಉಣಬಹುದೇನು?" ಎಂದೆ.

"ಸಹರಿ ಇಲ್ಲದ ರೋಜಾ ಎಲ್ಲೆರ ಐತೇನು? ಹೊಟ್ಟಿ ಕೊಯ್ಯಾಕ ಹೊಂಟಾಕಿ ಖಾಲಿ ಹೊಟ್ಟೀಲೆ ಹೋಗಬೇಕೇನು?"

ಸುಳ್ಳೇಕೆ ಹೇಳಲಿ, ನನಗೂ ಅದೇ ಸರಿ ಅನ್ನಿಸಿತು. ಉಪವಾಸ ಎಂದರೆ ಬಾಂಗ್ ಆದ ಮೇಲೆ ಹನಿ ನೀರೂ ಇಲ್ಲ. ಅದಕ್ಕಿಂತ ಗಟ್ಟಿ ಉಪವಾಸ ಯಾವ ಡಾಕ್ಟರು ಕೇಳಿಯಾನು?

ಏಪ್ರಿಲ್ 8, ಮಂಗಳವಾರ

ಆಪರೇಷನ್ ಆಗಲಿಲ್ಲ.

ನಮ್ಮೂರು ಅಳವಂಡಿಯಿಂದ ಕೊಪ್ಪಳದ ತನಕ ಮುದುಕಿ ನಮ್ಮ ಟಂಟಂ ಗಾಡಿಯಲ್ಲಿ, ಯಾರಿಗೋ ಕೊಡಬೇಕಾದ ಹೊಸ ಗಾದಿಯ ಮೇಲೆ ಬೇಗಮಳ ಹಾಗೆ ಕೂತು ಹೋದಳು. ಗಾದಿ ಹೊಲಿಯುವ ಮನೆಯವರಾಗಿ ನಾವು ಮಲಗುವುದು ಚಾಪೆಯ ಮೇಲೆ, ಅದು ಬೇರೆ ಮಾತು.

ಆಸ್ಪತ್ರೆಯ ಬೆಂಚಿನ ಮೇಲೆ ಯಲಬುರ್ಗಾ ಕಡೆಯ ತಿಮ್ಮಣ್ಣ ಎನ್ನುವವರು ಕೂತಿದ್ದರು. ಅವರದು ಹರ್ನಿಯಾ. ಮೈಮರೆಸುವ ಡಾಕ್ಟರು ಸುಭಾಷ್ ಎಂದು, ಇನ್ನೂ ಎಳೆಯ ಮುಖ. ಮೊದಲು ತಿಮ್ಮಣ್ಣನನ್ನೇ ಕೇಳಿದರು.

"ಉಪವಾಸ ಅದೀನ್ರಿ ಸಾಹೇಬ್ರ. ಇವತ್ತ ಏಕಾದಶಿ ಬ್ಯಾರೆ. ಬರೇ ಚಾ, ಎರಡು ಬಾಳಿಹಣ್ಣು, ಒಂದೀಟು ಶೇಂಗಾದ ಉಂಡಿ."

ಡಾಕ್ಟರು ಅವರ ಹೆಸರಿನ ಮೇಲೆ ಗೆರೆ ಎಳೆದರು. ಮುದುಕಿಗೆ ನಗು. ಇವರದೂ ಒಂದು ಉಪವಾಸವೇ ಎನ್ನುವ ಹಾಗೆ ನನ್ನ ಕಡೆ ನೋಡಿದಳು. ಆಮೇಲೆ ಅವಳ ಸರದಿ ಬಂತು.

"ಮುಂಜಾನಿಂದ ಏನರ ತಗೊಂಡೀರೇನಮ್ಮ?"

"ಬಾಂಗ್ ಆದ ಮ್ಯಾಲೆ ಉಗುಳು ಸೈತ ನುಂಗಿಲ್ರಿ."

"ಬಾಂಗ್ ಆಗೋಕ್ಕಿಂತ ಮೊದಲು?"

"ಎರಡು ಚಪಾತಿ, ಒಂದು ಲೋಟ ಹಾಲು, ಒಂದು ತತ್ತಿ. ಮತ್ತ ದಿನಾ ಪೂರ್ತಿ ತಡೀಬೇಕಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟು ಹಣೆ ಹಿಡಿದುಕೊಂಡರು. ಸಿಟ್ಟು ಮಾಡಲಿಲ್ಲ, ನಿಧಾನಕ್ಕೆ ತಿಳಿಸಿ ಹೇಳಿದರು. ಮೈಮರೆತಾಗ ಗಂಟಲಿಗೆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಮನುಷ್ಯ ಅಲ್ಲೇ ಹೋಗುತ್ತಾನೆ. ಅದಕ್ಕೇ ಅನ್ನ, ಹಾಲು ಇಷ್ಟು ತಾಸು ಮೊದಲು ನಿಲ್ಲಿಸಬೇಕು ಅಂತ ಲೆಕ್ಕ ಇದೆ. ಪುಣ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

"ಯಾರು ತಿನ್ನಿಸಿದ್ರಮ್ಮ ನಿಮಗ?"

ಮುದುಕಿ ಒಂದು ಗಳಿಗೆಯೂ ತಡೆಯಲಿಲ್ಲ. "ನನಗೇನು ಗೊತ್ತಾಗತೈತ್ರಿ? ಸೊಸಿ ಎಬ್ಬಿಸಿ ತಿನ್ನಿಸಿದ್ಲು, ತಿಂದೆ."

ಇಡೀ ಬೆಂಚು ನನ್ನನ್ನು ನೋಡಿತು. ಮಂಜೂರ ಅಷ್ಟು ಜನರ ಎದುರಿಗೆ, "ಹತ್ತನೇ ಇಯತ್ತೆ ಕಲತೀನಿ ಅಂತೀ, ಇಷ್ಟು ತಿಳೀಲಿಲ್ಲೇನು?" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಕುಂ ಮಾಡಿದವಳು ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದಳು.

ಬರುವ ಮಂಗಳವಾರ ಜಾಗವಿಲ್ಲ, ಹದಿನೈದು ದಿನ ಬಿಟ್ಟು 22ಕ್ಕೆ ಬರಬೇಕು. ಡಾಕ್ಟರು ಈ ಸಲ ನನ್ನ ಕೈಗೇ ಚೀಟಿ ಬರೆದುಕೊಟ್ಟರು. ರಾತ್ರಿ ಹತ್ತರೊಳಗೆ ಹಗುರ ಊಟ. ಆಮೇಲೆ ಹಾಲು, ಚಹಾ, ಎಲೆಅಡಿಕೆ ಯಾವುದೂ ಇಲ್ಲ. ಬಿ.ಪಿ. ಗುಳಿಗೆ ಬೆಳಿಗ್ಗೆ ಆರಕ್ಕೆ. ಬರೀ ನೀರು ಆರೂವರೆಯ ತನಕ. ನೀರು ಎನ್ನುವಲ್ಲಿ ಎರಡು ಗೆರೆ ಎಳೆದು ಬಾಯಲ್ಲೂ ಹೇಳಿದರು. "ವಯಸ್ಸಾದವರು, ಬ್ಯಾಸಗಿ ಭಾಳ ಐತಿ. ನೀರು ಮಾತ್ರ ಬಿಡಿಸಬ್ಯಾಡ್ರಿ. ಒಣಗಿಸಿ ಕರ್ಕೊಂಡು ಬಂದ್ರೂ ನನಗ ತ್ರಾಸ."

ಏಪ್ರಿಲ್ 9, ಬುಧವಾರ

ಓಣಿಗೆಲ್ಲ ಗೊತ್ತಾಗಿದೆ. ಪಕ್ಕದ ಮನೆಯ ಫಕೀರಮ್ಮ ಬಂದು, "ಏನವ್ವ ಹಸೀಬಾ, ಅತ್ತಿಗೆ ತಿನ್ನಿಸಿ ಕಳಿಸಿದ್ಯಂತಲ್ಲ, ಏನರ ಮನಸಿನ್ಯಾಗ ಇತ್ತೇನು?" ಎಂದು ನಕ್ಕಳು. ನಗುವಿನಲ್ಲಿ ಸುತ್ತಿ ಕೊಡುವ ಮಾತಿಗೆ ಉತ್ತರ ಕೊಡಲೂ ಆಗುವುದಿಲ್ಲ.

ಮುದುಕಿ ಒಳಗೆ ಮಲಗಿ ಎಲ್ಲ ಕೇಳಿಸಿಕೊಂಡಳು. ಒಂದು ಮಾತು ಆಡಲಿಲ್ಲ.

ಏಪ್ರಿಲ್ 14, ಸೋಮವಾರ

ಬೆಳಗಿನಿಂದ ಮುದುಕಿಗೆ ಮತ್ತೆ ನೋವು. ಕಣ್ಣು ಹಳದಿಯಾಗಿದೆ. ಇವತ್ತು ಜಯಂತಿಯ ರಜೆ, ಮೆರವಣಿಗೆಯ ಡೊಳ್ಳು, ಮಂಜೂರ ಮಾಲು ಹಾಕಿಕೊಂಡು ಕುಷ್ಟಗಿಗೆ ಹೋಗಿದ್ದಾನೆ. ಊರಿನ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಮಾಡಿಸಿದೆ. ನೋಡಿ ಅವರು, "ಇನ್ನೊಮ್ಮೆ ದಿನ ತಪ್ಪಿಸಬ್ಯಾಡ್ರಿ, ಈ ಜೀವ ತಡ್ಯಾಂಗಿಲ್ಲ" ಎಂದರು. ಅವರೂ ನನ್ನ ಮುಖ ನೋಡಿಯೇ ಹೇಳಿದರು.

ವಾಂತಿಯಾಗುತ್ತದೆ ಎಂದು ಎರಡು ತಾಸು ಏನೂ ಕೊಡಬೇಡಿ ಎಂದಿದ್ದರು. ಮುದುಕಿ ನೀರು, ನೀರು ಎಂದು ನರಳಿದಳು. ನಾನು ಬೆನ್ನು ನೀವುತ್ತ ಕೂತಿದ್ದೆ. ಕೈ ನೀವುತ್ತಿತ್ತು, ಮನಸ್ಸು ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಿತ್ತು.

ಮುಬಾಶಿರಾ ಹುಟ್ಟಿದ್ದು ಇಂಥದೇ ಬೇಸಿಗೆಯಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಆದರೆ ಸಿದ್ದಾಪುರದಲ್ಲಿ ನನ್ನ ಅವ್ವ ಆಗಲೇ ಮಣ್ಣಾಗಿದ್ದಳು, ಹೀಗಾಗಿ ಬಾಣಂತನ ಈ ಮುದುಕಿಯ ಕೈಯಲ್ಲಿ. ಹೆತ್ತ ಮೇಲೆ ಐದು ದಿನ ನನಗೆ ನೀರು ಕೊಡಲಿಲ್ಲ. ಬಾಣಂತಿ ನೀರು ಕುಡಿದರೆ ಮೈ ಬಾತುಕೊಳ್ಳುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬ ಶಾಸ್ತ್ರ. ದಿನಕ್ಕೆ ಅರ್ಧ ಲೋಟ ಓಮಿನ ಕಷಾಯ, ಅಷ್ಟೇ. ಕಾಲುವೆಯ ದಂಡೆಯಲ್ಲಿ ಬೆಳೆದವಳು ನಾನು. ಕಣ್ಣು ಮುಚ್ಚಿದರೆ ಕಾಲುವೆಯೇ ಕಾಣುತ್ತಿತ್ತು. ಕಾಲು ಹಿಡಿದು ಕೇಳಿದರೆ ಮುದುಕಿ, "ನೀರಿಲ್ಲದ ಒಂದಿನಕ್ಕ ಯಾರೂ ಸಾಯಂಗಿಲ್ಲ" ಎಂದಳು. ಒಂದು ದಿನ ಎನ್ನುತ್ತಲೇ ಐದು ದಿನ ಮಾಡಿದಳು.

ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ನಾನು ಮೀಯುವ ನೀರು ಕುಡಿದೆ. ಬೇವಿನ ಸೊಪ್ಪು ಹಾಕಿ ಹಂಡೆಯಲ್ಲಿ ಕಾಯಿಸಿದ ನೀರನ್ನು ಮುದುಕಿ ಎರೆಯುತ್ತಿದ್ದಳು. ಎರೆದು, ಲೋಬಾನದ ಹೊಗೆಗೆ ಕೆಂಡ ತರಲು ಆಚೆ ಹೋಗುತ್ತಿದ್ದಳು. ಆಗ ಹಂಡೆಯ ತಳದಲ್ಲಿ ಉಳಿದದ್ದನ್ನು ತಂಬಿಗೆಯಿಂದ ಎತ್ತಿ ಕುಡಿಯುತ್ತಿದ್ದೆ. ಮೊದಲ ದಿನದ್ದು ವಿಷದಂಥ ಕಹಿ, ಕುಡಿದು ಅಲ್ಲೇ ಕಾರಿಕೊಂಡೆ. ಮರುದಿನದಿಂದ ನೀರಿನಲ್ಲಿ ಬೇವು ಇರಲಿಲ್ಲ. ಸೊಸೆಯ ಮೈಗೆ ನಾಲ್ಕು ಎಲೆ ಬೇವು ಕಿತ್ತು ತರುವುದಕ್ಕೂ ಮುದುಕಿಗೆ ಬೇಸರ ಬಂದಿರಬೇಕು. ನನಗೆ ಒಳ್ಳೆಯದೇ ಆಯಿತು. ನಾಲ್ಕು ದಿನ ಕದ್ದು ಕುಡಿದು ಬದುಕಿದೆ. ಎದೆಹಾಲು ಮಾತ್ರ ಸರಿಯಾಗಿ ಬರಲಿಲ್ಲ, ಅದಕ್ಕೂ 'ಸಿದ್ದಾಪುರದ ಆಕಳು ಗೊಡ್ಡು' ಎಂಬ ಮಾತು ಕೇಳಿದೆ.

ಎರಡು ತಾಸು ಆದ ಮೇಲೆ ಮುದುಕಿಗೆ ನೀರು ಕೊಟ್ಟೆ. ಮೂರು ನಿಮಿಷ ತಡವಾಗಿ ಕೊಟ್ಟೆ.

ಏಪ್ರಿಲ್ 18, ಶುಕ್ರವಾರ

ಎಲೆಅಡಿಕೆ ಡಬ್ಬಿಯನ್ನು ಕಪಾಟಿಗೆ ಹಾಕಿ ಕೀಲಿ ಹಾಕಿದೆ. ಡಾಕ್ಟರು ಬೇಡ ಎಂದದ್ದು ಹಿಂದಿನ ರಾತ್ರಿಯಿಂದ. ಆದರೂ ಈಗಿನಿಂದಲೇ ರೂಢಿಯಾಗಲಿ. "ಒಂದು ಹೋಳು ಕೊಡವ್ವ" ಎಂದಳು. "ಇಲ್ಲ" ಎಂದೆ. ಮತ್ತೆ ಕೇಳಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕೀಲಿ ಸೊಂಟದಲ್ಲಿದ್ದರೆ ನಡೆಯುವಾಗ ಸಣ್ಣಗೆ ಸದ್ದು ಮಾಡುತ್ತದೆ. ಕೇಳಲು ಚೆನ್ನಾಗಿದೆ.

ಏಪ್ರಿಲ್ 21, ಸೋಮವಾರ

ನಾಳೆ ಆಪರೇಷನ್. ಎಂಟಕ್ಕೇ ಗಂಜಿ ಉಣ್ಣಿಸಿ ತಟ್ಟೆ ತೊಳೆದಿಟ್ಟೆ. ಹತ್ತರ ತನಕ ಅವಕಾಶವಿತ್ತು, ಇರಲಿ.

ಚೀಟಿ ಗೋಡೆಗೆ ಅಂಟಿಸಿದೆ. ಆರೂವರೆಯ ತನಕ ನೀರು ಕೊಡಬಹುದು ಅಂತಿದೆ. ಕೊಡಬಹುದು ಅಂದರೆ ಕೊಡಲೇಬೇಕು ಅಂತಲ್ಲ. ನೀರು ಎಂಬಲ್ಲಿ ಎರಡು ಗೆರೆ ಎಳೆದದ್ದು ಪೆನ್ನು ಬರೆಯುತ್ತದೋ ಇಲ್ಲವೋ ನೋಡಲಿಕ್ಕೂ ಇರಬಹುದು. ಹೋದ ಸಲ ಕೊಟ್ಟು ಬೈಸಿಕೊಂಡೆ. ಇನ್ನೊಮ್ಮೆ ದಿನ ತಪ್ಪಿದರೆ, ಇವಳಿಗೆ ಏನಾದರೂ ಆದರೆ, ಸೊಸೆಯೇ ಕೊಂದಳು ಎನ್ನುತ್ತದೆ ಅಳವಂಡಿ. ಕೊಟ್ಟು ಕೆಡುವುದಕ್ಕಿಂತ ಕೊಡದೆ ಇರುವುದು ಮೇಲು. ಒಣ ಹೊಟ್ಟೆಯ ಮೇಲೆ ಯಾರೂ ತಪ್ಪು ಹೊರಿಸಲಾರರು.

ಮುದುಕಿ ಮಲಗುವ ಕೋಣೆಯಲ್ಲಿದ್ದ ನೀರಿನ ಕೊಡವನ್ನು ತೆಗೆದು ಅಡುಗೆಮನೆಯಲ್ಲಿಟ್ಟೆ. ಬಾಗಿಲಿಗೆ ಕೀಲಿ ಹಾಕಿದೆ. ಅವಳು ಮಲಗಿದಲ್ಲಿಂದ ನೋಡುತ್ತಿದ್ದಳು.

ಏಪ್ರಿಲ್ 22, ಮಂಗಳವಾರ, ಆಸ್ಪತ್ರೆ, ಮಧ್ಯಾಹ್ನ ಹನ್ನೆರಡು

ಬರೆಯಲು ಬೇಕಾದಷ್ಟು ಹೊತ್ತಿದೆ. ಒಂಬತ್ತರ ಆಪರೇಷನ್ ಇನ್ನೂ ಆಗಿಲ್ಲ. ಎಂಟೂವರೆಗೆ ಹೆರಿಗೆಯ ಹೆಣ್ಣುಮಗಳೊಬ್ಬಳನ್ನು ತಂದರು. ಕೂಸು ಅಡ್ಡಬಿದ್ದಿತ್ತು. ಅವಳನ್ನು ಮೊದಲು ಒಳಗೆ ಒಯ್ದರು. ಆಮೇಲೆ ಮತ್ತೊಂದು ಅವಸರದ್ದು ಬಂತು. ನಾವು ಬೆಂಚಿನಲ್ಲೇ. ಮೇಲಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿದೆ.

ಬೆಳಿಗ್ಗೆ ಬಾಂಗ್ ಆಗುವ ಹೊತ್ತಿಗೆ ಮುದುಕಿ ಎದ್ದು ಕೂತು ಕರೆದಳು. "ಹಸೀಬಾ, ಒಂದು ಗುಟುಕು ನೀರು ಕೊಡವ್ವ. ನಾಲಿಗಿ ಒಣಗಿ ಅಂಟಿಕೊಂಡೈತಿ."

"ಆಪರೇಷನ್ ಆಗೂತನ ಇಲ್ಲತ್ತಿ."

"ನೀರು ಕುಡೀಬಹುದು ಅಂದಿದ್ನಲ್ಲ ಆ ಡಾಕ್ಟರ್?"

"ಹೋದ ಸಲ ಯಾರ ಮ್ಯಾಲೆ ಬಂತು? ನೀವು ಕುಡೀತೀರಿ, ಮಾತು ನಾ ಕೇಳಬೇಕು. ನೀರಿಲ್ಲದ ಒಂದಿನಕ್ಕ ಯಾರೂ ಸಾಯಂಗಿಲ್ಲ."

ಮುದುಕಿ ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಹಾಗೆ ನೋಡುವಂಥದ್ದು ನಾನೇನು ಅಂದೆನೋ ಗೊತ್ತಿಲ್ಲ. ಆರಕ್ಕೆ ಬಿ.ಪಿ. ಗುಳಿಗೆ ಕೊಟ್ಟೆ. ಲೋಟದಲ್ಲಿ ಕೊಟ್ಟರೆ ಜಾಸ್ತಿ ಕುಡಿದಾಳು ಎಂದು ಚಮಚದಲ್ಲಿ ನೀರು ಕೊಟ್ಟೆ. ಒಂದು ಚಮಚ.

ಅದಾದ ಮೇಲೆ ಒಮ್ಮೆಯೂ ಕೇಳಿಲ್ಲ. ಹಟಮಾರಿ. ತುಟಿ ಬಿರುಕು ಬಿಟ್ಟಿವೆ. ಎದುರಿನ ಬೆಂಚಿನವರು ಬಾಟಲಿ ತೆಗೆದಾಗಲೆಲ್ಲ ಬೇರೆ ಕಡೆ ನೋಡುತ್ತಾಳೆ. ನಾನೂ ಬೆಳಗಿನಿಂದ ನೀರು ಕುಡಿದಿಲ್ಲ, ರೋಜಾ ಅಲ್ಲದಿದ್ದರೂ ಯಾಕೋ ಕುಡಿಯಲಿಲ್ಲ.

ಅದೇ ದಿನ, ಸಂಜೆ ಏಳು

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂದೂವರೆಗೆ ಒಳಗೆ ಕರೆದರು. ನರ್ಸು ದುರ್ಗಾದೇವಿ ಸಲೈನಿನ ಸೂಜಿ ಹಾಕಲು ನೋಡಿದರೆ ನರವೇ ಸಿಗಲಿಲ್ಲ. ಎಡಗೈ, ಬಲಗೈ, ಮತ್ತೆ ಎಡಗೈ, ಕಡೆಗೆ ಕಾಲು. ಚುಚ್ಚಿದಲ್ಲೆಲ್ಲ ನೀಲಿಯಾಯಿತು. ಮುದುಕಿ ಹಲ್ಲು ಕಚ್ಚಿ ಕೂತಿದ್ದಳು. ಸುಭಾಷ್ ಡಾಕ್ಟರು ಬಂದು ಅವಳ ಕೈಯ ಚರ್ಮ ಚಿವುಟಿ ಬಿಟ್ಟರು. ಎತ್ತಿದ ಚರ್ಮ ಎತ್ತಿದ ಹಾಗೇ ನಿಂತಿತು.

"ಮುಂಜಾನಿ ನೀರು ಕೊಟ್ಟಿದ್ರೇನ್ರಿ?" ಎಂದು ನನ್ನನ್ನು ಕೇಳಿದರು.

ಮಂಜೂರ ನನ್ನ ಕಡೆ ತಿರುಗಿದ. ನಾನು ಕಾಲ ಬೆರಳು ನೋಡುತ್ತ ನಿಂತೆ.

"ಕೊಟ್ಲರಿ ಪಾಪ" ಎಂದಳು ಅತ್ತೆ. ಒಣಗಿದ ಬಾಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಲೋಟಾ ಹಿಡಕೊಂಡು ನಿಂತಿದ್ಲು. ನಾನಽ ಒಲ್ಲೆ ಅಂದೆ. ಹೋದ ಸಲದ ಅಂಜಿಕಿ."

"ನಿಮ್ಮ ಅಂಜಿಕಿ ನಿಮ್ಮ ಜೀವಾ ತಗೀತಿತ್ತಮ್ಮ. ಸೊಸಿ ಮಾತು ಕೇಳಬೇಕೋ ಬ್ಯಾಡೋ?" ಡಾಕ್ಟರು ಸಿಟ್ಟಿನಿಂದಲೇ ಬೈದರು. ಮಂಜೂರನೂ ಬೈದ. ಅತ್ತೆ, "ಹೂನಪ್ಪ, ತಪ್ಪಾತು" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಇದೇ ಮೊದಲು. ಅದೂ ಅವಳು ಮಾಡದ ತಪ್ಪಿಗೆ.

ಎರಡು ಬಾಟಲಿ ಸಲೈನ್ ಏರಿಸಿ ಮೂರಕ್ಕೆ ಒಳಗೆ ಒಯ್ದರು. ಐದಾದರೂ ಹೊರಗೆ ತರಲಿಲ್ಲ. ಮಂಜೂರ ಬಾಗಿಲ ಹತ್ತಿರ ನಿಂತಿದ್ದ. ನಾನು ಗೋಡೆಗೆ ಒರಗಿ ಬಾಯಿಗೆ ಬಂದ ಕುರಾನಿನ ಆಯತ್ ಎಲ್ಲ ಹೇಳಿದೆ. ಅವಳು ಸತ್ತರೆ ಎಂದು ಬಂತು ಮನಸ್ಸಿಗೆ. ಇಷ್ಟು ವರ್ಷದಲ್ಲಿ ಆ ವಿಚಾರ ಬಂದಿರಲಿಲ್ಲ ಎನ್ನಲಾರೆ, ಸಿಟ್ಟಿನಲ್ಲಿ ಎಷ್ಟೋ ಸಲ ಬಂದಿದೆ. ಇವತ್ತು ಬಂದಾಗ ಮಾತ್ರ ಆಯತ್‌ಗಳನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಐದೂವರೆಗೆ ಡಾಕ್ಟರು ಬಂದರು. ಕಲ್ಲು ತೆಗೆದಿದ್ದಾರೆ. "ಮಲಗಿಸಿದ ಕೂಡ್ಲೆ ಬಿ.ಪಿ. ಪಾತಾಳಕ್ಕ ಇಳೀತು. ಮೈಯಾಗ ನೀರಽ ಇಲ್ಲ. ಅದನ್ನ ಏರಿಸೋದ್ರಾಗ ಸಾಕಾತು. ಈಗ ಎಚ್ಚರಾಗ್ಯಾರ."

ನನ್ನ ಹೆಗಲ ಮೇಲೆ ಕೈಯಿಟ್ಟು, "ಮುದುಕರು ಹಂಗಽ, ಕೇಳಂಗಿಲ್ಲ. ನೀವೇನು ಮಾಡ್ತೀರಿ" ಎಂದು ದುರ್ಗಾದೇವಿ ಸಮಾಧಾನ ಹೇಳಿದಳು. ಆ ಕೈ ತೆಗೆದರೆ ಸಾಕು ಅನ್ನಿಸಿತು.

ಏಪ್ರಿಲ್ 23, ಬುಧವಾರ

ಬೆಳಿಗ್ಗೆಯಿಂದ ಚಮಚದಲ್ಲಿ ನೀರು ಕೊಡಬಹುದು ಎಂದರು. ಕೊಟ್ಟೆ. ಒಂದೊಂದೇ ಚಮಚ. ಅತ್ತೆ ಚಮಚವನ್ನೂ ನೋಡಿದಳು, ನನ್ನನ್ನೂ ನೋಡಿದಳು. ಡಾಕ್ಟರ ಎದುರಿಗೆ ಯಾಕೆ ಹಾಗೆ ಹೇಳಿದಳು? ಇನ್ನು ಮುಂದೆ ಇದನ್ನು ನನ್ನ ತಲೆಯ ಮೇಲೆ ಕಲ್ಲಿನ ಹಾಗೆ ಇಟ್ಟು ಕೂರುತ್ತಾಳೋ ಏನೋ. ಬೈದಿದ್ದರೆ ಹಗುರವಾಗುತ್ತಿತ್ತು.

ಪಕ್ಕದ ಹಾಸಿಗೆಗೆ ನಿನ್ನೆಯ ಬಾಣಂತಿಯನ್ನು ತಂದಿದ್ದಾರೆ. ಹೇಮಾವತಿ ಅಂತ ಹೆಸರು. ಅವಳು ನೀರು ಕೇಳಿದರೆ ಅವಳ ಅತ್ತೆ ತಂಬಿಗೆಯ ಮೇಲೆ ಸೆರಗು ಮುಚ್ಚಿದಳು. ದುರ್ಗಾದೇವಿ ನೋಡಿ ಜೋರು ಮಾಡಿದಳು. "ಈಗ ಕೊಡಬಹುದು ಅಂತ ಡಾಕ್ಟರ್ ಹೇಳ್ಯಾರ, ಯಾಕ ಮುಚ್ಚತೀಯವ್ವ? ಬಾಣಂತಿಗೆ ನೀರಡಿಕಿ ಭಾಳ. ನೀರು ಕುಡೀಲಿಲ್ಲ ಅಂದ್ರ ಕೂಸಿಗೆ ಹಾಲು ಎಲ್ಲಿಂದ ಬರಬೇಕು?"

ಅತ್ತೆ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆಯಲ್ಲಿದ್ದಳು ಎಂದು ನಾನು ತಿಳಿದೆ. ಕಣ್ಣ ತುದಿಯಲ್ಲಿ ನೀರು ಇಳಿಯಿತು. ಹೊಲಿಗೆ ನೋಯುತ್ತಿರಬೇಕು.

ಏಪ್ರಿಲ್ 26, ಶನಿವಾರ

ನಿನ್ನೆ ಮನೆಗೆ ಬಂದೆವು. ಮುಬಾಶಿರಾ ಗಂಗಾವತಿಯಿಂದ ಅಜ್ಜಿಯನ್ನು ನೋಡಲು ಬಂದಿದ್ದಾಳೆ. ಗೋಡೆಯ ಚೀಟಿ ಕಿತ್ತಿಡುವುದನ್ನು ಮರೆತಿದ್ದೆ, ಅದು ಅವಳ ಕಣ್ಣಿಗೆ ಬಿತ್ತು. 

"ಅಮ್ಮಾ, ಇದರಾಗ ಆರೂವರಿತನ ನೀರು ಕೊಡ್ರಿ ಅಂತ ಬರದಾರಲ್ಲ, ಎರಡು ಗೆರಿ ಬ್ಯಾರೆ ಎಳದಾರ. ಮತ್ತ ಅಜ್ಜಿ ಯಾಕ ಅಷ್ಟು ಒಣಗಿದ್ಲು?"

"ಅಜ್ಜಿ ಒಲ್ಲೆ ಅಂದ್ಲು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

"ಹೌದವ್ವ, ನಾನಽ ಒಲ್ಲೆ ಅಂದೆ" ಎಂದಳು ಅತ್ತೆ ಹಾಸಿಗೆಯಿಂದ.

ಮಗಳು ಅಂಗಡಿಗೆ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದಳು. ಈಗ ಬಂತು ಎಂದುಕೊಂಡೆ. ಅಂದುಬಿಡಲಿ, ಮುಗಿಯಲಿ ಎಂದು ಎದುರಿಗೆ ಕೂತೆ.

"ಆ ದವಾಖಾನಿ ಬಾಣಂತಿ ನೋಡಿ ನೆಪ್ಪಾತು" ಎಂದಳು. "ನೀ ಮೀಯೋ ನೀರು ಕುಡಿಯೋದು ನಾ ನೋಡಿದ್ದೆ."

ಹತ್ತೊಂಬತ್ತು ವರ್ಷ ಕದ್ದದ್ದು ಎಂದು ಮುಚ್ಚಿಟ್ಟುಕೊಂಡದ್ದು.

"ಮೊದಲನೇ ದಿನ ಕುಡದು ಕಾರಿಕೊಂಡಿ. ಬಾಗಿಲ ಸಂದಿಯಿಂದ ನೋಡಿದೆ. ನಮ್ಮ ಅತ್ತಿ ಆಗಿನ್ನೂ ಇದ್ಲು, ಪಡಸಾಲಿಯೊಳಗ ಕುಂತಿರ್ತಿದ್ಲು, ಆಕಿ ಮುಂದ ನೀರು ಕೊಡೋ ಧೈರ್ಯ ನನಗಿರಲಿಲ್ಲ. ಮರುದಿನದಿಂದ ಬೇವು ಹಾಕೋದು ಬಿಟ್ಟೆ."

ನನ್ನ ಕೈ ಅವಳ ಹೊದಿಕೆಯ ಅಂಚನ್ನು ಮಡಚುತ್ತಿತ್ತು.

"ಕೆಂಡ ತರಾಕಂತ ಅಷ್ಟೊತ್ತು ಹೋಗ್ತಿದ್ನಲ್ಲ, ನಿನಗ ಒಮ್ಮೆರ ತಿಳೀಲಿಲ್ಲೇನು? ಒಲಿ ಏನು ಕೊಪ್ಪಳದಾಗ ಇತ್ತೇನು?"

"ಆಗಽ ಯಾಕ ಹೇಳಲಿಲ್ಲತ್ತಿ?" ಎಂದೆ.

"ಹೇಳಿದ್ರ ಅತ್ತಿ ಅಂತ ಅಂಜತಿದ್ದೇನು ನೀ?" ಎಂದಳು. "ಅಂಜಿಕಿ ಬೇಕಾಗಿತ್ತು ನನಗ" ಎಂದು ಆಚೆ ಹೊರಳಿದಳು.

ಅಡುಗೆಮನೆಗೆ ಬಂದು ಬಹಳ ಹೊತ್ತು ನಿಂತೆ. ಸಿಟ್ಟು ಹೋಗಿಲ್ಲ. ಐದು ದಿನ ನನ್ನನ್ನು ಒಣಗಿಸಿದವಳು ಅವಳೇ, ಎದೆಹಾಲಿಗೆ ಹಂಗಿಸಿದವಳೂ ಅವಳೇ, ಡಾಕ್ಟರ ಮುಂದೆ ಮೊದಲ ಸಲ ನನ್ನನ್ನು ತೋರಿಸಿಕೊಟ್ಟವಳೂ ಅವಳೇ. ಇವತ್ತಿನ ಒಂದು ಮಾತಿಗೆ ಅದೆಲ್ಲ ಅಳಿಸುವುದಿಲ್ಲ. ಅಳಿಸಬಾರದು ಕೂಡ. ಇಷ್ಟು ವರ್ಷ ಅವಳನ್ನು ನೆಮ್ಮದಿಯಿಂದ ದ್ವೇಷ ಮಾಡಿಕೊಂಡಿದ್ದೆ, ಅದನ್ನೂ ಕಿತ್ತುಕೊಂಡಳು.

ಹಿಂದಿನ ಪುಟ ತಿರುಗಿಸಿ ಓದಿದೆ. ಆಪರೇಷನ್ನಿನ ದಿನ ಬೆಳಿಗ್ಗೆ ಅವಳು ನನ್ನನ್ನು ಯಾಕೆ ಹಾಗೆ ನೋಡಿದಳು ಎಂದು ಈಗ ಗೊತ್ತಾಯಿತು. ನನ್ನ ಬಾಣಂತನದಲ್ಲಿ ಅವಳಾಡಿದ ಮಾತನ್ನೇ ಅವಳಿಗೆ ಹೇಳಿದ್ದೆ, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ. ಆದರೆ ಅವಳ ಬೆನ್ನ ಹಿಂದೆ ಅವಳ ಅತ್ತೆ ಕೂತಿದ್ದಳು. ನನ್ನ ಹಿಂದೆ ಯಾರೂ ಇರಲಿಲ್ಲ, ಎದುರಿಗೆ ಗೋಡೆಯ ಮೇಲೆ ಚೀಟಿ ಇತ್ತು. ಅವಳು ಹಂಡೆಯಿಂದ ಬೇವು ತೆಗೆದಿದ್ದಳು. ನಾನು ಕೋಣೆಯಿಂದ ಕೊಡವನ್ನೇ ತೆಗೆದಿದ್ದೆ.

ಕೊಡ ತುಂಬಿಸಿ ಮತ್ತೆ ಅವಳ ತಲೆದೆಸೆಗೆ ಇಟ್ಟಿದ್ದೇನೆ. ಇಡುವಾಗ ಸೊಂಟದ ಕೀಲಿ ಕೊಡಕ್ಕೆ ತಗುಲಿ ಸದ್ದಾಯಿತು. ಅತ್ತೆ ಎಚ್ಚರಗೊಂಡು ನೀರು ಕೇಳಿದಳು. ಒಂದು ತಂಬಿಗೆ ಪೂರ್ತಿ ಕೊಟ್ಟೆ, ಅವಳು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದೆ.